ತೂತು ಎಷ್ಟು ಅನ್ನೋದಲ್ಲ ಪ್ರಶ್ನೆ

ಜಗಳೂರು ಕಡೆಯ ನಮ್ಮ ಸಂಬಂಧಿಕರೊಬ್ಬರ ಕೂಸಿಗೆ ಹರ್ನಿಯಾ. 7 ತಿಂಗಳ ಗಂಡು ಮಗು. ಅತ್ತಾಗಲೆಲ್ಲ ತೊಡೆಸಂದಿನಲ್ಲಿ ಗಂಟು, ಮಲಗಿದರೆ ಮಾಯ. ತೋರಿಸಿದ ಕಡೆ "ಕೀಹೋಲ್ ಮಾಡಿಸಿ, ಕಲೆಯೇ ಉಳಿಯಲ್ಲ" ಅಂದರಂತೆ. ಸರಿ, ಮೆಕ್ಕೆಜೋಳ ಮಾರಿ ದುಡ್ಡು ಹೊಂದಿಸೋಣ ಅಂತ 3 ತಿಂಗಳು ಕಾದರು. ಒಂದು ರಾತ್ರಿ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿ, ಹಸಿರು ವಾಂತಿ. ದಾವಣಗೆರೆಗೆ ಓಡಿದರು. ಅಲ್ಲಿ ಹಳೇ ಪದ್ಧತಿಯಲ್ಲೇ ಕೊಯ್ದು ಸರಿಮಾಡಿದರು. ಕರುಳು ಉಳಿಯಿತು, ಪುಣ್ಯ!

ಅಂದಿನಿಂದ "ಓಪನ್ನಾ, ಲ್ಯಾಪ್ರೋಸ್ಕೋಪಿಯಾ" ಅನ್ನೋ ಚರ್ಚೆ ಕೇಳಿದರೆ ನನಗೆ ಮೈ ಉರಿಯುತ್ತೆ.

ಮಕ್ಕಳ ಹರ್ನಿಯಾ ದೊಡ್ಡವರದ್ದರಂತಲ್ಲ. ಸ್ನಾಯು ಸೋತು ಆದದ್ದಲ್ಲ. ಹುಟ್ಟುವ ಹೊತ್ತಿಗೆ ಮುಚ್ಚಬೇಕಿದ್ದ ದಾರಿ ತೆರೆದೇ ಉಳಿದಿರುತ್ತೆ, ಅಷ್ಟೆ. ಜಾಲರಿ ಬೇಡ, ಆ ದಾರಿ ಕಟ್ಟಿದರೆ ಮುಗೀತು. ಕಟ್ಟೋ ರೀತಿ ಮುಖ್ಯವಾಗಿ ಮೂರು. ಒಂದು, ತೊಡೆಸಂದಿನ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು ಕಟ್ಟೋದು. ಎರಡು, ಹೊಕ್ಕಳಲ್ಲಿ ಕ್ಯಾಮೆರಾ ಇಳಿಸಿ, ಇನ್ನೆರಡು ತೂತಿನಿಂದ ಉಪಕರಣ ಹಾಕಿ ಒಳಗೇ ಹೊಲಿಯೋದು. ಮೂರು, ಕ್ಯಾಮೆರಾದಲ್ಲಿ ನೋಡಿಕೊಂಡು ಹೊರಗಿನಿಂದ ಚುಚ್ಚಿದ ಸೂಜಿಯಲ್ಲೇ ದಾರ ಸುತ್ತಿಸಿ ಚರ್ಮದಡಿ ಗಂಟು ಹಾಕೋದು. ಪೋಲೆಂಡಿನ ಪಟ್ಕೊವ್‌ಸ್ಕಿ 2006ರಲ್ಲಿ ಪ್ರಕಟಿಸಿದ ವಿಧಾನ ಈ ಜಾತಿಯದು.

ಕ್ಯಾಮೆರಾದಿಂದ ಲಾಭವೇ ಇಲ್ಲ ಅಂತಲ್ಲ. ಎರಡೂ ಬದಿ ಹರ್ನಿಯಾ ಇದ್ದರೆ ಒಂದೇ ಸಲ ಎರಡನ್ನೂ ಕಟ್ಟಬಹುದು. ಇನ್ನೊಂದು ಬದಿಯ ದಾರಿ ತೆರೆದಿದೆಯಾ ಅಂತಲೂ ಕಾಣುತ್ತೆ. ಆದರೆ ತೆರೆದದ್ದೆಲ್ಲ ಮುಂದೆ ಹರ್ನಿಯಾ ಆಗಲ್ಲ! ಒಂದೇ ಬದಿಯದಾದರೆ, ಪಳಗಿದ ಕೈಯಲ್ಲಿ ಮೂರೂ ಒಳ್ಳೆಯವೇ. ಮರುಕಳಿಸೋದು ಮೂರರಲ್ಲೂ ಅಪರೂಪ.

ಕೂಸಿಗೆ ಮುಖ್ಯವಾದದ್ದು ಬೇರೆಯೇ. ಕರುಳು ಸಿಕ್ಕಿಕೊಳ್ಳೋ ಅಪಾಯ ಹೆಚ್ಚಿರೋದು ಮೊದಲ ವರ್ಷದಲ್ಲೇ. ದಿನ ತುಂಬದೆ ಹುಟ್ಟಿದ ಮಕ್ಕಳ ಮಾತು ಸ್ವಲ್ಪ ಬೇರೆ: 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೇಗ ಆಪರೇಷನ್ ಆದವರಲ್ಲಿ ಗಂಭೀರ ತೊಂದರೆ ಶೇ. 28, ಕಾದು ಮಾಡಿಸುವ ಗುಂಪಿನಲ್ಲಿ ಶೇ. 18. ಆದರೆ ಅದು ಡಾಕ್ಟರ ಕಣ್ಗಾವಲಲ್ಲಿ ಕಾಯೋದು, ಮೆಕ್ಕೆಜೋಳದ ರೇಟಿಗೆ ಕಾಯೋದಲ್ಲ.

ಇಂಥದ್ದಕ್ಕೆ ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗದ ಕಡೆ, ಜಗಳೂರಿನವರು ದಾವಣಗೆರೆ ಕಡೆ ಮುಖ ಮಾಡೋದು ರೂಢಿ. ದಿನ ಗೊತ್ತುಮಾಡಿಕೊಂಡು ಹಗಲಲ್ಲಿ ಹೋದರೆ ಆ ದಾರಿ ಸಣ್ಣದು. ಗಂಟು ಸಿಕ್ಕಿಕೊಂಡ ರಾತ್ರಿ ಬಲು ದೊಡ್ಡದು. ತಾಲೂಕಿಗೆ ಮೊದಲು ಬೇಕಾದ್ದು ಕ್ಯಾಮೆರಾ ಅಲ್ಲ; ಕೂಸಿಗೆ ಅರಿವಳಿಕೆ ಕೊಡಬಲ್ಲವರು, ಮತ್ತು ಮಕ್ಕಳ ಸರ್ಜನ್ ಬಂದುಹೋಗೋ ಒಂದು ನಿಗದಿತ ದಿನ.

ಅಲ್ಲಿಯವರೆಗೆ ತೂತು ಎಷ್ಟು ಅಂತ ಕೇಳಬೇಡಿ. ಇಷ್ಟು ಸಣ್ಣ ಕೂಸುಗಳಿಗೆ ಎಷ್ಟು ಮಾಡಿದ್ದೀರಿ, ಅರಿವಳಿಕೆ ಯಾರು ಕೊಡ್ತಾರೆ, ಯಾವತ್ತು ಮಾಡ್ತೀರಿ... ಈ ಮೂರು ಕೇಳಿ.

ಕಲೆ ಚಡ್ಡಿಯೊಳಗೆ ಮುಚ್ಚಿಹೋಗುತ್ತೆ ಸ್ವಾಮಿ. ಕೊಳೆತ ಕರುಳನ್ನು ಯಾವುದರಿಂದ ಮುಚ್ತೀರಿ?