ಲೈಕ್ ಒತ್ತಿದ್ರ ಕನ್ನಡ ಬೆಳೆಯೋದಿಲ್ಲ ದೋಸ್ತ್ರ

1/4
ಫೋಟೋದಾಗ ಇರೋದು ಇಟಗಿ ಮಹಾದೇವ ದೇವಾಲಯ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇದನ್ನ ಕಟ್ಟಿಸಿದ ಅಂತ ನಮಗ ಹೆಂಗ ಗೊತ್ತು? 1112ರ ಶಾಸನದಾಗ ಕೆತ್ತಿಟ್ಟಾರ, ಅದಕ್ಕ ಗೊತ್ತು. ‘ದೇವಾಲಯ ಚಕ್ರವರ್ತಿ’ ಅನ್ನೋ ಹೆಸರೂ ಆ ಶಾಸನದ್ದೇ. ಯಾರೂ ಕೆತ್ತದಿದ್ರ ನಾವು ಇವತ್ತು ‘ಯಾವುದೋ ಹಳೇ ಗುಡಿ’ ಅಂತ ಸೆಲ್ಫಿ ತಗೊಂಡು ಬಸ್ ಹತ್ತತಿದ್ವಿ.

ಈಗ ನಮ್ಮ ಕಾಲದಾಗ ಬರೆದಿಡೋರು ಯಾರು? 👉 ಮುಂದಿನ ಫೋಟೋ ನೋಡ್ರಿ.

2/4
ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಾಗ. ಇಷ್ಟು ವರ್ಷಕ್ಕ ಅಲ್ಲಿರೋ ಲೇಖನ 30 ಸಾವಿರದ ಮ್ಯಾಲ ಸ್ವಲ್ಪ. ಮಲಯಾಳಂದಾಗ 80 ಸಾವಿರ ದಾಟ್ಯಾವ, ತಮಿಳಿನಾಗ ಒಂದೂವರೆ ಲಕ್ಷ ದಾಟ್ಯಾವ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಇರೋರು ಸುಮಾರು 4.37 ಕೋಟಿ, ಮಲಯಾಳಂ ಇರೋರು 3.48 ಕೋಟಿ. ಮಂದಿ ನಮ್ಮ ಕಡೆನೇ ಹೆಚ್ಚು, ಬರೆಯೋ ಕೈ ಮಾತ್ರ ಕಮ್ಮಿ. ತಪ್ಪದೇ ಬರೆಯೋರನ್ನೆಲ್ಲ ಕೂಡಿಸಿದ್ರ ನಮ್ಮೂರ ಮದುವಿ ಊಟದ ಒಂದು ಪಂಕ್ತಿ ತುಂಬಿದ್ರ ಹೆಚ್ಚು.

ತುಳು ಮಾತಾಡೋರು 20 ಲಕ್ಷನೂ ಇಲ್ಲ. ಅವರು ವರ್ಷಗಟ್ಟಲೆ ಕುಂತು ಬರೆದು, 2016ರಾಗ ತಮ್ಮದೇ ವಿಕಿಪೀಡಿಯ ಮಾಡ್ಕೊಂಡ್ರು. ನಾವು ನವೆಂಬರ್ 1ಕ್ಕ ಹಳದಿ ಕೆಂಪು ಸ್ಟೇಟಸ್ ಹಾಕಿ, ನವೆಂಬರ್ 2ಕ್ಕ ಮಲಗ್ತೀವಿ.

ಕವಿರಾಜಮಾರ್ಗದಾಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳೊಳಗ ಕೋಪಣನೂ ಒಂದು. ಅದು ನಮ್ಮ ಕೊಪ್ಪಳ. ಸಾವಿರ ವರ್ಷದ ಹಿಂದಿನ ಆ ಸರ್ಟಿಫಿಕೇಟ್ ತೋರಿಸ್ಕೋತ ಇನ್ನೂ ಎಷ್ಟು ದಿನ ತಿರಗೋದು?

3/4
ಗೊತ್ತೈತಿ, ನೆಪ ತಯಾರಿರ್ತಾವ.

‘ನಾವೇನು ಪಂಡಿತರಲ್ಲ.’ ಪಂಡಿತರನ್ನ ಯಾರು ಕರದ್ರು? ನಿಮ್ಮೂರ ಪುಟದಾಗ ತಾಲ್ಲೂಕಿನ ಹೆಸರು ತಪ್ಪಿದ್ರ ತಿದ್ದಾಕ ಪಿಎಚ್‌ಡಿ ಬೇಕಾಗಿಲ್ಲ.

‘ಬರೆದದ್ದನ್ನ ಅಳಿಸಿಬಿಡ್ತಾರ.’ ಮೂಲ ಕೊಡದೆ ಬರೆದ್ರ, ಬ್ಯಾರೆ ಕಡೆಯಿಂದ ಕಾಪಿ ಹೊಡೆದ್ರ ತೆಗಿತಾರ, ತೆಗಿಬೇಕು. ‘ನಮ್ಮಜ್ಜ ಹೇಳಿದ್ದ’ ಅನ್ನೋದು ಅಲ್ಲಿ ಸಾಲೋದಿಲ್ಲ. ಪುಸ್ತಕ, ಪತ್ರಿಕೆ, ಗೆಜೆಟಿಯರ್ ಹೆಸರು ಹಾಕ್ರಿ, ನಿಲ್ತೈತಿ.

‘ಈಗ ಎಐ ಐತಲ್ಲ.’ ಇದಕ್ಕಂತೂ ನಗು ಬರ್ತೈತಿ. ಎಐ ಕಲಿಯೋದು ಮಂದಿ ಬರೆದಿಟ್ಟದ್ದನ್ನ ಓದಿ. ನಮ್ಮೂರ ಬಗ್ಗೆ ಕನ್ನಡದಾಗ ಏನೂ ಇಲ್ಲ ಅಂದ್ರ ಅದು ಬಾಯಿಗೆ ಬಂದದ್ದು ಹೇಳ್ತೈತಿ. ಅದನ್ನ ನಾಳೆ ನಿಮ್ಮ ತಮ್ಮ ಪ್ರಾಜೆಕ್ಟ್‌ನಾಗ ಬರೀತಾನ.

ಒಂದು ಮಾತು ಖರೆ: ಇದಕ್ಕ ರೊಕ್ಕ ಬರೋದಿಲ್ಲ, ಫಾಲೋವರ್ಸೂ ಬರೋದಿಲ್ಲ. ಆದ್ರ ಈ ಪೋಸ್ಟ್ ನಾಡಿದ್ದು ಯಾರ ಕಣ್ಣಿಗೂ ಬೀಳೋದಿಲ್ಲ. ಅಲ್ಲಿ ಬರೆದ ಒಂದು ಸಾಲು ಹತ್ತು ವರ್ಷದ ಮ್ಯಾಲೂ ಯಾರೋ ಒಬ್ಬ ಹುಡುಗಿಗೆ ಸಿಗಬಹುದು.

4/4
ಹಂಗಾದ್ರ ಕೆಲಸ ಹಂಚ್ಕೊಳ್ಳೋಣ.

📍 ಗಂಗಾವತಿಯೋರು: ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳು 2021ರಾಗ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರ್ಯಾವ. ನೀವೇ ತೆಗೆದ ಫೋಟೋ ವಿಕಿಮೀಡಿಯ ಕಾಮನ್ಸ್‌ಗೆ ಹಾಕ್ರಿ.
📍 ಯಲಬುರ್ಗಾದೋರು: ನಿಮ್ಮೂರು ಎರಂಬರಗೆ ಆಗಿದ್ದಾಗ ಸಿಂದರು ಆಳಿದ್ರು. ಲೈಬ್ರರಿಗೆ ಹೋಗಿ ಪುಸ್ತಕ ಹುಡುಕ್ರಿ.
📍 ಕುಷ್ಟಗಿಯೋರು: ನಿಮ್ಮ ಹಳ್ಳಿ ಹೆಸರು ಹುಡುಕಿ ನೋಡ್ರಿ. ಎರಡೇ ಸಾಲು ಇದ್ರ, ಮೂರನೇದು ನಿಮ್ಮದು.
📍 ಕೊಪ್ಪಳದೋರು: ಕಿನ್ನಾಳ ಗೊಂಬಿ. ಕಟ್ಟಿಗೆ, ಹುಣಸೆ ಬೀಜದ ಅಂಟು, ಬಣ್ಣ, ಒಂದೊಂದು ಹಂತದ್ದೂ ಫೋಟೋ ಬೇಕು. ಕಲಾವಿದರನ್ನ ಕೇಳಿ ತೆಗಿರಿ.

ಅಕೌಂಟ್ ಮಾಡಾಕ ಐದು ನಿಮಿಷ. ಮೊದಲ ದಿನ ಒಂದು ಕಾಗುಣಿತ ತಿದ್ದಿದ್ರೂ ಸಾಕು.

ಈ ಪೋಸ್ಟಿಗೆ ಲೈಕ್ ಬ್ಯಾಡ. ಭಾನುವಾರದೊಳಗ ಒಂದು ಪುಟ ತಿದ್ದಿ, ಅದರ ಹೆಸರನ್ನ ಕೆಳಗ ಕಾಮೆಂಟ್ ಹಾಕ್ರಿ. ಮೊದಲನೇದು ನಂದು, ಹಾಕೀನಿ ನೋಡ್ರಿ. ಎರಡನೇದು ಯಾರದು?

#ನಮ್ಮಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಕನ್ನಡವಿಕಿಪೀಡಿಯ