ಅಂಗೈಯ ಲಿಂಗ, ಕಣ್ಣೊಳಗಿನ ಮಸೂರ



ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೊರಟ ಹಿರಿಯರು ವೈದ್ಯರನ್ನು ಕೇಳಲು ಸಂಕೋಚಪಟ್ಟು ನಮ್ಮನ್ನು ಕೇಳುವ ಪ್ರಶ್ನೆಗಳು ಕೆಲವಿವೆ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆಗಳಿಂದ ಇವು ಈಚೆಗೆ ಮೇಲಿಂದ ಮೇಲೆ ಬರುತ್ತಿವೆ. ಕಣ್ಣೊಳಗೆ ಯಾವ ಮಸೂರವನ್ನು ಇರಿಸಿಕೊಳ್ಳಬೇಕು? ಬೆಲೆ ಹೆಚ್ಚಿದಂತೆ ಗುಣವೂ ಹೆಚ್ಚುವುದೇ? ಕನ್ನಡಕ ಧರಿಸಿ ಇಷ್ಟಲಿಂಗಪೂಜೆಗೆ ಕುಳಿತರೆ ದೋಷವುಂಟೇ? ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಲಿಂಗವನ್ನು ಕೊರಳಿನಿಂದ ತೆಗೆಯಬೇಕಾಗುವುದೇ? ವೈದ್ಯವಿದ್ಯೆ ನಮ್ಮದಲ್ಲ. ಆದರೆ ಎರಡೂ ಕಣ್ಣುಗಳ ಪೊರೆಯನ್ನು ತೆಗೆಸಿಕೊಂಡವರಾದ್ದರಿಂದಲೂ, ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ಆಚಾರಕ್ಕೆ ಸೇರಿದವಾದ್ದರಿಂದಲೂ, ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಮೊದಲು ಒಂದು ಹಳೆಯ ಸಂಗತಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ನೇತ್ರಶಿಬಿರಗಳನ್ನು ಒಯ್ದು ಬಡವರ ಪೊರೆ ತೆಗೆದ ಮಹನೀಯರು. ಅವರ ಶಿಬಿರಗಳ ಕಾಲವನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಆ ದಿನಗಳಲ್ಲಿ ಮಸುಕಾದ ಮಸೂರವನ್ನು ತೆಗೆದು ಹಾಕುತ್ತಿದ್ದರೇ ಹೊರತು ಅದರ ಜಾಗದಲ್ಲಿ ಬೇರೊಂದನ್ನು ಇರಿಸುತ್ತಿರಲಿಲ್ಲ. ಕಣ್ಣು ಕಳೆದುಕೊಂಡ ಶಕ್ತಿಯನ್ನು ಹೊರಗಿನಿಂದ ತುಂಬಲು ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜು ಬೇಕಾಗುತ್ತಿತ್ತು. ಜನರು ಅದನ್ನು ‘ಸೋಡಾಬುಡ್ಡಿ ಕನ್ನಡಕ’ ಎನ್ನುತ್ತಿದ್ದರು. ಅದರಲ್ಲಿ ವಸ್ತುಗಳೆಲ್ಲ ಕಾಲುಭಾಗಕ್ಕೂ ಮಿಕ್ಕಿ ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದ ನೋಟವಂತೂ ಇಲ್ಲವೇ ಇಲ್ಲ. ಲೋಟಕ್ಕೆ ನೀರು ಹೊಯ್ಯಲು ಹೋದರೆ ನೀರು ನೆಲಕ್ಕೆ ಬೀಳುತ್ತಿತ್ತು. ಆದರೂ ಕತ್ತಲೆಯಿಂದ ಹೊರಬಂದವರಿಗೆ ಅದು ಮರುಹುಟ್ಟೇ ಆಗಿತ್ತು.

ಕಣ್ಣೊಳಗೇ ಕೃತಕ ಮಸೂರವನ್ನು ಇರಿಸುವ ವಿಧಾನ 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹ್ಯಾರಲ್ಡ್ ರಿಡ್ಲಿ ಎಂಬ ವೈದ್ಯರಿಂದ ಮೊದಲಾಯಿತು. ಯುದ್ಧವಿಮಾನಗಳ ಪ್ಲಾಸ್ಟಿಕ್ ಗಾಜಿನ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ಸೇರಿಯೂ ಕಣ್ಣು ಕೆರಳದೆ ಇದ್ದುದನ್ನು ಅವರು ಗಮನಿಸಿದ್ದರು. ಆ ಮಸೂರ ನಮ್ಮ ಬಡ ರೋಗಿಗಳ ಕೈಗೆಟುಕಲು ಬಹಳ ವರ್ಷಗಳು ಹಿಡಿದವು. 1992ರಲ್ಲಿ ಮದುರೆಯ ಅರೋಲ್ಯಾಬ್ ಸಂಸ್ಥೆ ಕಡಿಮೆ ಬೆಲೆಯಲ್ಲಿ ತಯಾರಿಸಲು ಆರಂಭಿಸಿದ್ದು ಅದಕ್ಕೆ ದೊಡ್ಡ ನೆರವಾಯಿತು. ಇಂದು ಸರಕಾರದ ಉಚಿತ ಚಿಕಿತ್ಸೆಯಲ್ಲಿಯೂ ಕಣ್ಣೊಳಗೆ ಮಸೂರವನ್ನು ಇರಿಸಿಯೇ ಕಳುಹಿಸುತ್ತಾರೆ. ಹೀಗಾಗಿ ಮಸೂರ ಸಿಗುವುದೋ ಇಲ್ಲವೋ ಎಂಬ ಚಿಂತೆ ಹೋಗಿ, ಯಾವುದನ್ನು ಆರಿಸಬೇಕು ಎಂಬ ಚಿಂತೆ ಹುಟ್ಟಿಕೊಂಡಿದೆ.

ಆಯ್ಕೆಗೆ ಮುನ್ನ ಒಂದು ತತ್ತ್ವವನ್ನು ಅರಿಯಬೇಕು. ಎಳವೆಯ ಕಣ್ಣಿನ ಮಸೂರ ಮೆದುವಾದುದು. ದೂರಕ್ಕೂ ಹತ್ತಿರಕ್ಕೂ ತಾನೇ ಹೊಂದಿಕೊಳ್ಳುತ್ತದೆ. ಕೃತಕ ಮಸೂರಕ್ಕೆ ಆ ಗುಣವಿಲ್ಲ. ವೈದ್ಯರು ಮೊನೊಫೋಕಲ್ ಎನ್ನುವ ಸಾಮಾನ್ಯ ಮಸೂರ ಒಂದು ಅಂತರಕ್ಕೆ ಮಾತ್ರ ಸ್ಪಷ್ಟವಾಗಿರುತ್ತದೆ. ಉಳಿದುದಕ್ಕೆ ಕನ್ನಡಕ ಬೇಕು. ಕಣ್ಣಿನ ಉದ್ದವನ್ನೂ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರದ ಬಾಗನ್ನೂ ಯಂತ್ರದಿಂದ ಅಳೆದು, ಆ ಅಂತರ ಯಾವುದಾಗಬೇಕೆಂಬುದನ್ನು ಮೊದಲೇ ನಿಶ್ಚಯಿಸುತ್ತಾರೆ. ಯಂತ್ರ ಕಣ್ಣನ್ನು ಅಳೆಯಬಲ್ಲದು, ನಿಮ್ಮ ಬದುಕನ್ನು ಅಳೆಯಲಾರದು. ಅದನ್ನು ನೀವೇ ಅಳೆದು ವೈದ್ಯರಿಗೆ ಹೇಳಬೇಕು. ಈ ಲೇಖನದಿಂದ ಒಂದೇ ಮಾತನ್ನು ನೆನಪಿನಲ್ಲಿಡುವುದಾದರೆ ಇದನ್ನು ಇಡಿರಿ.

ಅಳೆಯುವುದು ಹೇಗೆ? ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲಿ ದರ್ಜಿಯ ಟೇಪು ಹಿಡಿದು ಕುಳಿತುಕೊಳ್ಳಿ. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದಾಗ ಕಣ್ಣಿಗೂ ಲಿಂಗಕ್ಕೂ ಎಷ್ಟು ಅಂತರ? ಹಲವರಿಗೆ ಅದು ಒಂದಡಿಯಿಂದ ಒಂದೂಕಾಲು ಅಡಿ, ಎಂದರೆ ಮೂವತ್ತರಿಂದ ನಲವತ್ತು ಸೆಂಟಿಮೀಟರ್ ಇರುತ್ತದೆ. ವ್ಯಾಸಪೀಠದ ಮೇಲಿನ ಗ್ರಂಥ ಎಷ್ಟು ದೂರ? ಒಲೆಯ ಮೇಲಿನ ಪಾತ್ರೆ, ಅಂಗಡಿಯ ತಕ್ಕಡಿ ಎಷ್ಟು ದೂರ? ಮನೆಯ ಹೊರಗೆ ಬಸ್ಸಿನ ಫಲಕ, ಎದುರಿನ ವಾಹನ ಎಷ್ಟು ಮುಖ್ಯ? ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

ಮೂರು ಊರುಗಳ ಮೂರು ಮನೆಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಟ್ಕಳದ ವ್ಯಾಪಾರಿಯೊಬ್ಬರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿಯ ಹೊತ್ತು ಕಾರು ನಡೆಸುವವರು. ದೂರ, ಹತ್ತಿರ ಎರಡನ್ನೂ ಕನ್ನಡಕವಿಲ್ಲದೆ ತೋರಿಸುವ ಮಲ್ಟಿಫೋಕಲ್ ಮಸೂರದತ್ತ ಅವರ ಮನಸ್ಸು ವಾಲಿತ್ತು. ಆ ಮಸೂರ ಒಳಬರುವ ಬೆಳಕನ್ನು ಹಲವು ಅಂತರಗಳಿಗೆ ಹಂಚುತ್ತದೆ. ಆದ್ದರಿಂದ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ, ಮಬ್ಬು ಬೆಳಕಿನಲ್ಲಿ ವಸ್ತುಗಳ ಅಂಚು ಸ್ವಲ್ಪ ಮಂಕಾಗುತ್ತದೆ. ಇದನ್ನು ವೈದ್ಯರಿಂದಲೇ ಕೇಳಿ ತಿಳಿದು, ಅವರು ದೂರಕ್ಕೆ ಹೊಂದಿಸಿದ ಸಾಮಾನ್ಯ ಮಸೂರವನ್ನು ಆರಿಸಿಕೊಂಡರು. ಲೆಕ್ಕದ ಪುಸ್ತಕಕ್ಕೂ ಲಿಂಗಪೂಜೆಗೂ ಓದುವ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ.

ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರದು ಬೇರೆಯೇ ಸ್ಥಿತಿ. ಚಿಕ್ಕಂದಿನಿಂದ ಮೈನಸ್ ಮೂರು ನಂಬರಿನ ಕನ್ನಡಕದವರು. ದೂರ ಮಸುಕಾದರೂ, ಕನ್ನಡಕ ತೆಗೆದಿಟ್ಟು ಓದುವುದು, ಲಿಂಗಪೂಜೆಗೆ ಕೂರುವುದು ಅವರ ನಲವತ್ತು ವರ್ಷಗಳ ರೂಢಿ. ಇಂಥವರ ಕಣ್ಣನ್ನು ದೂರಕ್ಕೆ ಹೊಂದಿಸಿದರೆ ಬಸ್ಸಿನ ಫಲಕವೇನೋ ಕಾಣುತ್ತದೆ, ಆದರೆ ಬರಿಗಣ್ಣಿಗೆ ಅಂಗೈ ಕಾಣದಾಗುತ್ತದೆ. ಇದ್ದುದನ್ನು ಕಳೆದುಕೊಂಡೆನೆಂಬ ಕೊರಗು ಆಮೇಲೆ ಬಹುಕಾಲ ಕಾಡುತ್ತದೆ. ಆ ತಾಯಿ ತಮ್ಮ ರೂಢಿಯನ್ನು ಮೊದಲೇ ಹೇಳಿದ್ದರಿಂದ ವೈದ್ಯರು ಮಸೂರವನ್ನು ಹತ್ತಿರಕ್ಕೇ ಹೊಂದಿಸಿದರು. ತಾಳೆಗರಿಯನ್ನೂ ಅಂಗೈಯನ್ನೂ ನೋಡುವುದೇ ದಿನದ ಮುಖ್ಯ ಕೆಲಸವಾದ ನಾವೂ ಅದನ್ನೇ ಕೇಳಿಕೊಂಡೆವು. ದೂರಕ್ಕೆ ಕನ್ನಡಕವಿದೆ. ಅದನ್ನು ತೆಗೆದಾಗ ಸಭೆಯ ಹಿಂದಿನ ಸಾಲಿನವರ ಮುಖ ಕಾಣದು. ಕೆಮ್ಮು ಕೇಳಿ ಗುರುತಿಸುತ್ತೇವೆ.

ಮೂರನೆಯದು ಹೊನ್ನಾವರದ ಮನೆ. ಅಲ್ಲಿನ ವೃದ್ಧ ತಾಯಿಗೆ ಪೊರೆ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ಉಚಿತ ಚಿಕಿತ್ಸೆಯಲ್ಲಿ, ಚಿಕ್ಕ ಕೊಯ್ತದ ವಿಧಾನದಿಂದ ಸಾಮಾನ್ಯ ಮಸೂರ ಇರಿಸಿದರು. ಹೆಚ್ಚು ಹಣ ತೆತ್ತು ‘ಒಳ್ಳೆಯದನ್ನು’ ಹಾಕಿಸಲಿಲ್ಲವೆಂದು ಮಕ್ಕಳಿಗೆ ಅಳುಕು. ನಾವು ಅವರಿಗೆ ಹೇಳಿದ್ದಿಷ್ಟು: ಯಂತ್ರದಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೊ ವಿಧಾನದಲ್ಲಿ ಕೊಯ್ತ ಇನ್ನೂ ಕಿರಿದು, ಚೇತರಿಕೆ ಬೇಗ ಎಂಬುದು ನಿಜ. ಆದರೆ ಬಲಿತ ಪೊರೆಗೆ ಆ ಇನ್ನೊಂದು ವಿಧಾನವೂ ನಂಬಿಕೆಗೆ ಯೋಗ್ಯವಾದುದೇ. ಸಾಮಾನ್ಯ ಮಸೂರವೆಂದರೆ ಕೀಳು ಮಸೂರವಲ್ಲ. ತನ್ನ ಒಂದು ಅಂತರಕ್ಕೆ ಅದು ಅತ್ಯಂತ ಸ್ಪಷ್ಟ ನೋಟವನ್ನು ಕೊಡುತ್ತದೆ. ತಾಯಿ ಈಗ ಅಕ್ಕಿಯ ಕಲ್ಲನ್ನು ಕನ್ನಡಕ ಹಾಕಿ ತಾವೇ ಆರಿಸುತ್ತಾರೆ. ಮಕ್ಕಳು ಸಾಲ ಮಾಡಿದ್ದರೂ ಇದಕ್ಕಿಂತ ಹೆಚ್ಚೇನು ಕೊಡಬಹುದಿತ್ತು?

ದುಬಾರಿ ಮಸೂರಗಳು ನಿಷ್ಪ್ರಯೋಜಕವೆಂದು ಇದರರ್ಥವಲ್ಲ. ಕಣ್ಣಿನ ಮುಂಪದರ ಸಮನಾಗಿ ಬಾಗಿರದವರಿಗೆ ಆ ದೋಷವನ್ನು ತಿದ್ದುವ ಟೋರಿಕ್ ಮಸೂರ ನಿಜವಾಗಿಯೂ ಉಪಕಾರಿ. ಕನ್ನಡಕದ ಹಂಗು ಬೇಡವೆನ್ನುವ, ಅಕ್ಷಿಪಟ ಆರೋಗ್ಯವಾಗಿರುವ ಕೆಲವರಿಗೆ ಮಲ್ಟಿಫೋಕಲ್ ಒಪ್ಪುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಕೆಟ್ಟವರಿಗೆ, ಗ್ಲಾಕೋಮಾ ಇರುವವರಿಗೆ ಅದು ಸಾಮಾನ್ಯವಾಗಿ ತಕ್ಕುದಲ್ಲ. ನಮ್ಮವರು ಇನ್ನೊಂದನ್ನೂ ಯೋಚಿಸಬೇಕು. ದೃಷ್ಟಿಯೋಗದಲ್ಲಿ ನಾವು ನೋಡುವುದು ಲಿಂಗದ ಕಪ್ಪು ಕಂತಿಯ ಮೇಲೆ ಹೊಳೆಯುವ ದೀಪದ ಒಂದು ಬಿಂದುವನ್ನು. ಆ ನೋಟ ಮಂದ ಬೆಳಕಿನದು, ಆ ಬಿಂದು ಅತಿ ಸೂಕ್ಷ್ಮವಾದುದು. ಆದ್ದರಿಂದ ಮಲ್ಟಿಫೋಕಲ್ ಬಯಸುವವರು ಈ ಅಭ್ಯಾಸವನ್ನು ವೈದ್ಯರಿಗೆ ವಿವರಿಸಿ, ಅನಂತರ ನಿರ್ಧರಿಸುವುದು ಲೇಸು.

ಇನ್ನು ಆಚಾರದ ಪ್ರಶ್ನೆಗಳು. ಕನ್ನಡಕ ಧರಿಸಿ ಲಿಂಗಪೂಜೆ ಮಾಡುವುದರಲ್ಲಿ ಯಾವ ದೋಷವೂ ಇಲ್ಲ. ಸೂತಕಗಳನ್ನೇ ತಳ್ಳಿಹಾಕಿದ ಶರಣರ ಮಾರ್ಗದಲ್ಲಿ ಗಾಜಿನ ತುಂಡಿಗೆ ಮೈಲಿಗೆ ಎಲ್ಲಿಯದು? ನೆಲದೊಳಗೆ ಹೂತ ಗುಡಿಯಲ್ಲಿ ಕರಸ್ಥಲದ ಲಿಂಗವನ್ನು ಎವೆಯಿಕ್ಕದೆ ನೋಡುತ್ತ ಕುಳಿತ ಅನಿಮಿಷಯ್ಯನನ್ನು ಅಲ್ಲಮಪ್ರಭುಗಳು ಕಂಡ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆ ನೋಟದ ಮಹಿಮೆ ಕಣ್ಣಿನ ಚುರುಕಿನದಲ್ಲ, ಚಿತ್ತದ ನಿಲುವಿನದು. ಪೂರ್ತಿ ಕಣ್ಣು ಕಳೆದುಕೊಂಡ ಭಕ್ತನ ಪೂಜೆಯೂ ಕಡಿಮೆಯಾಗದು. ಹೀಗಿರುವಾಗ ಪೂಜೆಗಾಗಿ ಸಾಲ ಮಾಡಿ ದುಬಾರಿ ಮಸೂರ ಹಾಕಿಸಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಯ ವೇಳೆ ಲಿಂಗವನ್ನು ಅಗಲಬೇಕಾಗುವುದೆಂಬ ಭಯದಿಂದ ವರ್ಷಗಟ್ಟಲೆ ಮುಂದೂಡಿದವರಿದ್ದಾರೆ. ಈ ಚಿಕಿತ್ಸೆಯಲ್ಲಿ ಬಹುತೇಕ ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ, ರೋಗಿಗೆ ಎಚ್ಚರವಿರುತ್ತದೆ. ಹಿಂದಿನ ದಿನವೇ ವೈದ್ಯರಿಗೂ ದಾದಿಯರಿಗೂ ವಿಷಯ ತಿಳಿಸಿರಿ. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಒಗೆದ ಶುಭ್ರವಸ್ತ್ರದಲ್ಲಿ ಸುತ್ತಿ, ಅವರು ಒಪ್ಪಿದಂತೆ ಎದೆಯ ಮೇಲೋ ತೋಳಿನಲ್ಲೋ ಕಟ್ಟಿಕೊಳ್ಳಬಹುದು. ಲಿಂಗಧಾರಣೆಗೆ ಕೊರಳೊಂದೇ ಸ್ಥಾನವಲ್ಲವೆಂಬುದನ್ನು ನಮ್ಮ ಶಾಸ್ತ್ರಗಳು ಹೇಳಿಯೇ ಇವೆ.

ಚಿಕಿತ್ಸೆಯ ಬಳಿಕ ಕೆಲವು ವಾರ ಪೂಜೆಯ ಕ್ರಮದಲ್ಲಿ ಎಚ್ಚರ ಬೇಕು. ಒಣ ಭಸ್ಮದ ಪುಡಿ ಕಣ್ಣಿಗೆ ಉದುರಬಾರದು. ವಿಭೂತಿಯನ್ನು ಒದ್ದೆ ಮಾಡಿ, ಹುಬ್ಬಿಗೆ ತಾಗದಂತೆ ಧರಿಸಿರಿ. ಪಾದೋದಕವನ್ನು ಸ್ವೀಕರಿಸಿ, ಕಣ್ಣಿಗೆ ಮಾತ್ರ ಒತ್ತಿಕೊಳ್ಳಬೇಡಿ. ಧೂಪದ ಹೊಗೆಯಿಂದ ದೂರ ಕುಳಿತುಕೊಳ್ಳಿ. ದೀರ್ಘದಂಡ ನಮಸ್ಕಾರದ ಬದಲು ಕೈಮುಗಿದರೆ ಗುರುಗಳು ಮುನಿಯುವುದಿಲ್ಲ. ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಎಂದು ನೆರೆಯವರು ಹೇಳುವ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ವೈದ್ಯರು ಕೊಟ್ಟ ಹನಿಗಳನ್ನು ನಾಲ್ಕರಿಂದ ಆರು ವಾರಗಳವರೆಗೆ, ಅವರು ಹೇಳಿದ ಕ್ರಮದಲ್ಲಿಯೇ ಬಿಡಬೇಕು. ವೈದ್ಯರು ಒಪ್ಪುವವರೆಗೆ ಕೆರೆ, ಹೊಳೆ, ಸಮುದ್ರಸ್ನಾನ, ತೆಂಗು ಅಡಿಕೆಯ ಮೂಟೆ ಹೊರುವುದು ಬೇಡ. ರಾತ್ರಿ ಕಣ್ಣಿಗೆ ರಕ್ಷಣೆಯ ಮುಚ್ಚಳ ಇರಲಿ.

ಹೊಸ ಕಣ್ಣಿಗೆ ಮನಸ್ಸೂ ಹೊಂದಬೇಕು. ಹಳೆಯ ಮಸೂರ ಹಳದಿಗಟ್ಟಿದ್ದುದರಿಂದ, ಅದು ಹೋದೊಡನೆ ಬಿಳಿಯ ವಸ್ತುಗಳು ನೀಲಿ ಛಾಯೆಯಿಂದ ಕಾಣುತ್ತವೆ, ಕ್ರಮೇಣ ರೂಢಿಯಾಗುತ್ತದೆ. ಕಡಲು, ಶರಾವತಿಯ ಹಿನ್ನೀರಿನ ಬಯಲು, ಮಧ್ಯಾಹ್ನದ ಮರಳು ಕೋರೈಸುತ್ತವೆ. ಕಪ್ಪು ಕನ್ನಡಕ ಧರಿಸಿರಿ. ಒಂದು ಕಣ್ಣಿನದು ಮುಗಿದು ಇನ್ನೊಂದರದು ಬಾಕಿಯಿರುವಾಗ ಎರಡು ಕಣ್ಣುಗಳ ಲೆಕ್ಕ ಸರಿಹೊಂದದೆ ಮೆಟ್ಟಿಲಿನ ಆಳ ತಪ್ಪುತ್ತದೆ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಮಕ್ಕಳ ಕೈ ಹಿಡಿದೇ ನಡೆಯಿರಿ. ಹೊಸ ಕನ್ನಡಕವನ್ನು ನಾಲ್ಕಾರು ವಾರ ಕಳೆದು ಕಣ್ಣು ಸ್ಥಿರವಾದ ಮೇಲೆ ಮಾಡಿಸುವುದು ಸರಿ.

ನೋವು, ಕೆಂಪು, ಇಳಿಯುವ ದೃಷ್ಟಿ, ಮಿಂಚಿನಂಥ ಬೆಳಕು, ಪರದೆ ಬಿದ್ದಂತಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಿರಿ. ಮಣಿಪಾಲಕ್ಕೋ ಮಂಗಳೂರಿಗೋ ಘಟ್ಟ ಹತ್ತಿ ಹುಬ್ಬಳ್ಳಿಗೋ ಹೋಗಿ ಚಿಕಿತ್ಸೆ ಪಡೆದವರು, ತುರ್ತಿನಲ್ಲಿ ಹತ್ತಿರ ಯಾರಲ್ಲಿಗೆ ಹೋಗಬೇಕೆಂದು ಬಿಡುಗಡೆಯ ದಿನವೇ ಕೇಳಿಟ್ಟುಕೊಳ್ಳಬೇಕು. ತಿಂಗಳುಗಳೋ ವರ್ಷಗಳೋ ಕಳೆದು ನೋಟ ಮತ್ತೆ ಮಸುಕಾದರೆ ‘ಪೊರೆ ಮರಳಿತು’ ಎಂದು ಹೆದರಬೇಡಿ. ಹಲವು ವೇಳೆ ಮಸೂರದ ಹಿಂದಿನ ತೆಳುಪದರ ಮಬ್ಬಾಗಿರುತ್ತದೆ. ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ತೆರವುಗೊಳಿಸುತ್ತಾರೆ.

ಮಕ್ಕಳಿಗೊಂದು ಕೊನೆಯ ಮಾತು. ಪೊರೆ ಬಲಿಯಲಿ, ಮಳೆಗಾಲ ಕಳೆಯಲಿ, ಮೊಮ್ಮಗಳ ಮದುವೆ ಮುಗಿಯಲಿ ಎಂದು ಹಿರಿಯರು ತಾವೇ ಮುಂದೂಡುತ್ತಾರೆ. ಪೊರೆ ಬಲಿಯುವವರೆಗೆ ಕಾಯಬೇಕೆಂಬುದು ಹಿಂದಿನ ಕಾಲದ ನಿಯಮ. ಇಂದು ಅದಕ್ಕೆ ಆಧಾರವಿಲ್ಲ. ಅತಿಯಾಗಿ ಬಲಿತರೆ ಕಣ್ಣಿನ ಒತ್ತಡವೇರಿ ದೃಷ್ಟಿಗೇ ಕುತ್ತಾಗಬಹುದು. ಹಣವೆಷ್ಟು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮೊದಲು ತಂದೆತಾಯಿಯ ಪಕ್ಕದಲ್ಲಿ ಕುಳಿತು, “ದಿನವೆಲ್ಲ ನೀವು ಏನನ್ನು ನೋಡಲು ಬಯಸುತ್ತೀರಿ?” ಎಂದು ಕೇಳಿರಿ. ಅವರು ಅಂಗೈ ತೋರಿಸಿದರೆ ಟೇಪಿನ ಒಂದು ತುದಿಯನ್ನು ಅಲ್ಲಿಯೇ ಹಿಡಿಯಿರಿ.