ಒಂದೇ ಕಿವಿಯೋ, ಎರಡೂ ಕಿವಿಯೋ?

"ಮುಟ್ಟು ನಿಲ್ಲೋ ವಯಸ್ಸು, ಇದೆಲ್ಲ ಇದ್ದದ್ದೇ" ಎಂದು ಡಾಕ್ಟರು ತಲೆಸುತ್ತಿಗೆ ಮಾತ್ರೆ ಬರೆದುಕೊಟ್ಟರು. ಎರಡು ವರ್ಷ ನುಂಗಿದೆ. ಅತ್ತೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಕರೆದರೆ ಓಗೊಡುವುದಿಲ್ಲವೆಂದು ಮನೆಯವರ ಗೊಣಗಾಟ ಬೇರೆ. ನನ್ನ ಎಡಗಿವಿ ಮಂದವಾಗಿತ್ತು. ಅದರೊಳಗೆ ಹಗಲೂ ರಾತ್ರಿ ಜೀರುಂಡೆ ಕೂಗುತ್ತಿತ್ತು. ಒಂದೇ ಕಿವಿಯೋ, ಎರಡೂ ಕಿವಿಯೋ ಎಂದು ಮಾತ್ರ ಯಾರೂ ಕೇಳಲಿಲ್ಲ.

ನನ್ನ ಸಿಟ್ಟೆಲ್ಲ ಆ ಕೇಳದ ಪ್ರಶ್ನೆಯ ಮೇಲೆ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ಒಂದೇ ಕಿವಿ ಮಂದವಾದರೆ, ಫೋನಿನಲ್ಲಿ ದನಿ ಕೇಳಿಸಿಯೂ ಮಾತು ತಿಳಿಯದಿದ್ದರೆ, ಕಾರಣ ಹುಡುಕಬೇಕು. ಬಹಳಷ್ಟು ಸಲ ಕಾರಣ ಬೇರೇನೋ ಇರುತ್ತದೆ. ಅಪರೂಪಕ್ಕೆ ಅದು ಶ್ವಾನೋಮಾ, ನರದ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ. ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಒಳಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಬೆಳೆಯುತ್ತದೆ. ತೀರಾ ಅಪರೂಪಕ್ಕೆ ಒಳಗಿವಿಯೊಳಗೇ. ನನ್ನದು ಹಾಗೆ ಒಳಗೇ ಕೂತದ್ದು, ಕೆಲವೇ ಮಿಲಿಮೀಟರು.

ಟಾರ್ಚು ಬಿಟ್ಟು ನೋಡಿದರೆ ಇದು ಕಾಣುವುದಿಲ್ಲ. ಮೊದಲು ಆಡಿಯೋಗ್ರಾಂ, ಆಮೇಲೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಎಂ.ಆರ್.ಐ. ಸಿ.ಟಿ.ಯಲ್ಲಿ ಸಣ್ಣ ಗಡ್ಡೆ ತಪ್ಪಿಸಿಕೊಳ್ಳಬಹುದು. 1917ರಲ್ಲೇ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಶ್ರವಣನರದ ಗಡ್ಡೆಗಳ ಮೇಲೆ ಇಡೀ ಪುಸ್ತಕ ಬರೆದು, ಕಿವಿಯ ತೊಂದರೆಯೇ ಮೊದಲ ಸೂಚನೆ ಎಂದು ತೋರಿಸಿದ್ದ. ನೂರು ವರ್ಷ ಕಳೆದ ಮೇಲೂ ನಮಗೆ ಸಿಗುವುದು ತಲೆಸುತ್ತಿನ ಮಾತ್ರೆಯೇ?

ಗಡ್ಡೆಯೆಂದು ತಿಳಿದ ಕೂಡಲೇ ಅದೇ ನೆಂಟರು "ನಾಳೆಯೇ ತೆಗೆಸಿಬಿಡು" ಎಂದರು. ಅದೂ ತಪ್ಪು. ಒಳಗಿವಿಯೊಳಗಿನ ಗಡ್ಡೆಯನ್ನು ತೆಗೆಯಹೋದರೆ ಉಳಿದ ಶ್ರವಣವೂ ಹೋಗುವ ಸಂಭವವೇ ಹೆಚ್ಚು. ಸಣ್ಣದನ್ನು ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು; ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಬೆಳೆದರೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಗಾಮಾ ನೈಫ್‌ನಂಥ ವಿಕಿರಣ ಚಿಕಿತ್ಸೆ. ನಾನೀಗ ಕಾಯುತ್ತಿದ್ದೇನೆ. ಆದರೆ ತಿಳಿದು ಕಾಯುವುದು ಬೇರೆ, ತಿಳಿಯದೆ ಕಡೆಗಣಿಸುವುದು ಬೇರೆ. ಆ ಎರಡು ವರ್ಷ ನಡೆದದ್ದು ಎರಡನೆಯದು.

ಎಂ.ಆರ್.ಐ. ದುಬಾರಿ, ಒಪ್ಪುತ್ತೇನೆ. ಆದರೆ ನಮ್ಮ ಕಿವಿಗೆ ಓಲೆ ಮಾಡಿಸಲು ಹೇಗೋ ಹೊಂದಿಸುವ ಮನೆಗಳಲ್ಲಿ ಆ ಕಿವಿಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಲು ದುಡ್ಡಿರುವುದಿಲ್ಲ. ಇವತ್ತೇ ಫೋನನ್ನು ಒಮ್ಮೆ ಎಡಗಿವಿಗೆ, ಒಮ್ಮೆ ಬಲಗಿವಿಗೆ ಹಿಡಿದು ನೋಡಿ. ವ್ಯತ್ಯಾಸ ಕಂಡರೆ "ನನಗೆ ಆಡಿಯೋಗ್ರಾಂ ಮಾಡಿಸಿ" ಎಂದು ಬಾಯಿಬಿಟ್ಟು ಕೇಳಿ. ಡಾಕ್ಟರು ನಕ್ಕರೂ ಸರಿಯೇ, ಕೇಳಿ.